ಹಿರಿಯರ ಕೈಗೆ ಒಗ್ಗುವ ಒಕ್ಕಲುತನದ ಸಲಕರಣೆ



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿ ಮುಂಗಾರಿನ ಮುಖ್ಯ ಬೆಳೆ. ಈ ಬೆಳೆ ಮೊದಮೊದಲು ನಿಧಾನವಾಗಿ ಬೆಳೆಯುವುದರಿಂದ ಬಿತ್ತಿದ ಮೇಲೆ ಸುಮಾರು 8 ವಾರ ಹೊಲದಲ್ಲಿ ಕಸ ಬೆಳೆಯಗೊಡಬಾರದು. ತಡವಾದರೆ ಇಳುವರಿ ಕುಗ್ಗುತ್ತದೆ. ಹರೆಯದವರು ದುಡಿಮೆಗಾಗಿ ಪಟ್ಟಣ ಸೇರಿದ ಮನೆಗಳಲ್ಲಿ ಈ ಕೆಲಸವೆಲ್ಲ ಹಿರಿಯರ ಮೇಲೆ ಬೀಳುತ್ತದೆ. 2011ರ ಜನಗಣತಿಯಂತೆ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಹಳ್ಳಿಯವರು.

ವಯಸ್ಸಾದಂತೆ ಕೈಹಿಡಿತ ಸಡಿಲಾಗುತ್ತದೆ, ಮೊಣಕಾಲು ನೋಯುತ್ತದೆ, ಸಣ್ಣ ಅಕ್ಷರ ಕಾಣುವುದಿಲ್ಲ. ದೇಹವನ್ನು ಬದಲಿಸಲಾಗದು, ಸಲಕರಣೆಯನ್ನು ಬದಲಿಸಬಹುದು. ಹಿರಿಯರಿಗೆ ಹಗುರವಾದದ್ದು ಹರೆಯದವರಿಗೂ ಹಗುರವೇ.

ಕಸ ತೆಗೆಯಲು

ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಕುರ್ಪಿ ಆಡಿಸುವ ಬದಲು ಸಾಲಿನ ನಡುವೆ ಸೈಕಲ್ ಕುಂಟೆ ಬಳಸಿರಿ. ನೆಟ್ಟಗೆ ನಿಂತಾಗ ಅದರ ಹಿಡಿಕೆ ಸೊಂಟಕ್ಕೂ ಮೊಣಕೈಗೂ ನಡುವೆ ಬರಬೇಕು. ಎತ್ತರ ಬದಲಿಸಲು ಹಿಡಿಕೆಯಲ್ಲಿ ಎರಡು ಮೂರು ತೂತು ಹಾಕಿಸಿದರೆ ಮನೆಯವರೆಲ್ಲರಿಗೂ ಒಂದೇ ಕುಂಟೆ ಸಾಕು. ಎರೆಮಣ್ಣು ಹಸಿಯಿದ್ದರೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಹದ ನೋಡಿ ಆಡಿಸಿರಿ.

ಗಿಡದ ಬುಡಕ್ಕೆ ಕುರ್ಪಿ ಬೇಕೇ ಬೇಕು. ಅದರ ಹಿಡಿ ತೀರ ಸಣ್ಣದಾದರೆ ಬೆರಳು ಸೋಲುತ್ತವೆ. 3ರಿಂದ 4 ಸೆಂಟಿಮೀಟರ್ ದಪ್ಪ ಬರುವಂತೆ ಹಳೆಯ ಸೈಕಲ್ ಟ್ಯೂಬ್ ಸುತ್ತಿರಿ. ಖರ್ಚಿಲ್ಲದೆ ಹಿಡಿತ ಬಿಗಿಯಾಗುತ್ತದೆ.

ಕುಡಿ ಚಿವುಟಲು

ಬಿತ್ತಿದ 45ರಿಂದ 50 ದಿನಕ್ಕೆ ತೊಗರಿಯ ಕುಡಿ ಚಿವುಟಿದರೆ ಹೆಚ್ಚು ಟೊಂಗೆ ಒಡೆಯುತ್ತವೆ. ಗಿಡಗಿಡಕ್ಕೂ ಬಾಗುವುದು ನಡುವಿಗೆ ಕಷ್ಟ. ಬ್ಯಾಟರಿಯಿಂದ ನಡೆಯುವ ಕುಡಿ ಕತ್ತರಿಸುವ ಯಂತ್ರ ಈಗ ಬಳಕೆಯಲ್ಲಿದೆ. ಇದರಿಂದ ನಿಂತೇ ಕೆಲಸ ಮಾಡಬಹುದು.

ಔಷಧ ಸಿಂಪಡಿಸಲು

16 ಲೀಟರ್ ಪಂಪಿನಲ್ಲಿ ನೀರಿನದೇ 16 ಕಿಲೊ ಭಾರ. ಬ್ಯಾಟರಿ ಪಂಪಿನಲ್ಲಿ ಕೈ ಹೊಡೆಯುವ ಶ್ರಮವಿಲ್ಲ, ಆದರೆ ಬ್ಯಾಟರಿಯ ತೂಕ ಕೂಡುತ್ತದೆ. 8 ಲೀಟರ್ ಮಾತ್ರ ತುಂಬಿರಿ. ಲೀಟರಿಗೆ ಇಷ್ಟು ಎಂಬ ಔಷಧದ ಪ್ರಮಾಣ ಬದಲಾಗಬಾರದು. ಪಂಪನ್ನು ನೆಲದಿಂದ ಎತ್ತದೆ ಬಂಡಿ ಅಥವಾ ಕಟ್ಟೆಯ ಮೇಲಿಟ್ಟು ಬೆನ್ನಿಗೇರಿಸಿರಿ. ಬಿಸಿಲೇರುವ ಮುಂಚೆ ಕೆಲಸ ಮುಗಿಸಿರಿ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ತಪ್ಪದೆ ನೋಡಿರಿ. ಕೆಂಪು ಅತ್ಯಂತ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ. ಹಸಿರಾದರೂ ವಿಷವೇ. ಕಣ್ಣು ಮಂಜಾದವರಿಗೂ ಓದುಬಾರದವರಿಗೂ ತಿಳಿಯಲೆಂದೇ ಈ ಬಣ್ಣಗಳು ನೆರವಾಗುತ್ತವೆ. ಪ್ರಮಾಣವನ್ನು ಮಾತ್ರ ಓದಬಲ್ಲವರಿಂದ ಓದಿಸಿ, ಅಳತೆಯ ಲೋಟಕ್ಕೆ ದಪ್ಪ ಗೆರೆ ಎಳೆದಿಡಿರಿ.

ಕೊಳ್ಳುವ ಮುನ್ನ

ಅಂಗಡಿಗೆ ಅಥವಾ ಕಮ್ಮಾರನಲ್ಲಿಗೆ ಹೋಗುವಾಗ ಅದನ್ನು ಬಳಸುವ ಹಿರಿಯರನ್ನೇ ಕರೆದೊಯ್ಯಿರಿ. ಅವ್ವನೇ ಕಸ ತೆಗೆಯುವವಳಾದರೆ ಅವಳ ಎತ್ತರಕ್ಕೇ ಹಿಡಿಕೆ ಕೂಡಿಸಿರಿ. ಸಾಧ್ಯವಾದರೆ ಒಂದು ದಿನ ಬಾಡಿಗೆಗೆ ತಂದು ಆಡಿಸಿ ನೋಡಿರಿ. ಮನೆಯ ಹಿರಿಯರು ಒಂದು ಸಾಲು ಮುಗಿಸಿ, ನೋವಿಲ್ಲದೆ ಎರಡನೆಯ ಸಾಲು ಹಿಡಿದರೆ ಆ ಸಲಕರಣೆ ನಿಮ್ಮ ಹೊಲಕ್ಕೆ ತಕ್ಕದ್ದೆಂದು ತಿಳಿಯಿರಿ.