ಮಾತು ತಡವಾದ ಮಗುವಿಗೆ ಮೊದಲು ಕಿವಿಯ ಪರೀಕ್ಷೆ

ತಿಪಟೂರಿನಿಂದ ಅಜ್ಜಿಯೊಬ್ಬರು ಪತ್ರ ಬರೆದಿದ್ದಾರೆ. ಮೊಮ್ಮಗನಿಗೆ ಎರಡೂವರೆ ವರ್ಷ ತುಂಬಿದೆ, ಅಮ್ಮ ಎನ್ನುವುದೂ ಬಂದಿಲ್ಲ. ಗಂಡುಮಕ್ಕಳಿಗೆ ಮಾತು ನಿಧಾನ, ಅವರಪ್ಪನೂ ಮೂರು ತುಂಬಿದ ಮೇಲೇ ಮಾತಾಡಿದ್ದು ಎಂದು ಮನೆಯಲ್ಲಿ ಎಲ್ಲರೂ ಸಮಾಧಾನ ಹೇಳುತ್ತಿದ್ದಾರಂತೆ. ಬಜೆ ತೇಯ್ದು ನಾಲಿಗೆಗೆ ಸವರಿದ್ದೂ ಆಗಿದೆ. ಇನ್ನೊಂದು ಆರು ತಿಂಗಳು ಕಾಯಬಹುದೇ ಎಂಬುದು ಅವರ ಪ್ರಶ್ನೆ.

ಕಾಯಬೇಡಿ. ಹಾಗೆಂದು ಹೆದರಲೂ ಬೇಡಿ. ತಡವಾಗಿ ಬಾಯಿಬಿಟ್ಟು ಆಮೇಲೆ ಸರಾಗವಾಗಿ ಮಾತಾಡುವ ಮಕ್ಕಳು ಖಂಡಿತ ಇದ್ದಾರೆ. ಆದರೆ ಈ ಮಗು ಅವರಲ್ಲಿ ಒಬ್ಬನೋ ಅಲ್ಲವೋ ಎಂದು ಮನೆಯಲ್ಲಿ ಕೂತು ಹೇಳಲಾಗದು. ಆಸ್ಪತ್ರೆಯಲ್ಲಿ ಅದನ್ನು ನೋಡಲೆಂದೇ ಒಂದು ತಂಡ ಇರುತ್ತದೆ. ಅವರು ಶುರು ಮಾಡುವುದು ನಾಲಿಗೆಯಿಂದಲ್ಲ, ಕಿವಿಯಿಂದ.

"ಬಾಗಿಲು ಬಡಿದರೆ ತಿರುಗಿ ನೋಡ್ತಾನೆ, ಕಿವಿ ಸರಿಯಾಗಿದೆ" ಎನ್ನುವ ಮಾತನ್ನು ಶ್ರವಣತಜ್ಞರು ದಿನಾ ಕೇಳುತ್ತಾರೆ. ಬಾಗಿಲಿನ ಸದ್ದು ಕೇಳುವ ಕಿವಿಗೆ ‘ಸ’, ‘ಶ’ದಂಥ ತೆಳು ಧ್ವನಿಗಳು ತಲುಪದೇ ಇರಬಹುದು. ಅಂಥ ಮಗುವಿಗೆ ನಮ್ಮ ಮಾತು ಅಕ್ಷರ ಉದುರಿದ ಸಾಲಿನಂತೆ ಕೇಳುತ್ತದೆ. ಕೇಳಿಸಿತೋ ಇಲ್ಲವೋ ಎಂದು ಎರಡು ವರ್ಷದ ಮಗು ಹೇಳುವುದಿಲ್ಲ, ಎರಡು ದಿನದ ಕೂಸಂತೂ ಇಲ್ಲವೇ ಇಲ್ಲ. ಆದರೂ ನಿದ್ದೆಯಲ್ಲಿರುವ ಕೂಸಿನ ಕಿವಿಯನ್ನು ಇಂದು ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುತ್ತಾರೆ. ಕಿವಿಯೊಳಗೆ ಮೆತ್ತನೆಯ ಪುಟ್ಟ ಬಿರಟೆ ಇಡುತ್ತಾರೆ. ಅದರಿಂದ ಟಿಕ್ ಟಿಕ್ ಸದ್ದು ಹೊರಡುತ್ತದೆ, ಅದರಲ್ಲೇ ಇರುವ ಮೈಕು ಆಲಿಸುತ್ತದೆ. ಆಸ್ಪತ್ರೆಯಲ್ಲಿ ‘ಓಎಇ’ ಎನ್ನುವುದು ಇದಕ್ಕೇ. ಆ ಮೈಕು ಆಲಿಸುವುದು ಕಿವಿ ತಾನೇ ಹೊರಡಿಸುವ ಸದ್ದನ್ನು!

ಈ ಸಂಗತಿ ನಂಬಲು ವಿಜ್ಞಾನಿಗಳಿಗೇ ಮೂವತ್ತು ವರ್ಷ ಹಿಡಿಯಿತು. ಒಳಕಿವಿಯ ಪೊರೆಯ ಮೇಲೆ ಸದ್ದು ಅಲೆಯಾಗಿ ಸಾಗುವುದನ್ನು ಗೇಯಾರ್ಗ್ ಫಾನ್ ಬೇಕೇಶಿ ತೋರಿಸಿದರು, 1961ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅವರು ನೋಡಿದ್ದು ಶವಗಳ ಕಿವಿಯನ್ನು. ಅಲ್ಲಿ ಕಂಡ ಅಲೆ ತೀರಾ ಅಗಲ, ಮಂದ. ನಾವು ಸ್ವರಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಗುರುತಿಸುವುದು ಅದರಿಂದ ಸಾಧ್ಯವಿರಲಿಲ್ಲ. 1948ರಲ್ಲೇ ಕೇಂಬ್ರಿಜ್‌ನ ತರುಣ ಥಾಮಸ್ ಗೋಲ್ಡ್ ಇದಕ್ಕೊಂದು ಉತ್ತರ ಕೊಟ್ಟಿದ್ದರು. ಯುದ್ಧಕಾಲದಲ್ಲಿ ರೇಡಾರ್ ಕೆಲಸ ಮಾಡಿ, ಮುಂದೆ ಖಗೋಳ ವಿಜ್ಞಾನಿಯಾಗಿ ಹೆಸರಾದವರು ಅವರು. ಕಿವಿ ಸುಮ್ಮನೆ ಸದ್ದನ್ನು ಬರಮಾಡಿಕೊಳ್ಳುವುದಿಲ್ಲ, ಒಳಗಿನಿಂದ ಶಕ್ತಿ ಸೇರಿಸಿ ಹಿಗ್ಗಿಸುತ್ತದೆ ಎಂಬುದು ಅವರ ವಾದ.

ಊರಹಬ್ಬದ ವೇದಿಕೆಯ ಮೈಕ್‌ಸೆಟ್ ನೆನಪಿಸಿಕೊಳ್ಳಿ. ಮೈಕು ಹಿಡಿದ ಸದ್ದನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ, ಸ್ಪೀಕರ್ ಹೊರಹಾಕುತ್ತದೆ, ಅದು ಮತ್ತೆ ಮೈಕಿಗೇ ಹೋಗುತ್ತದೆ. ಹದ ತಪ್ಪಿದರೆ ಭಾಷಣಕಾರರು ಬಾಯಿ ತೆರೆಯುವ ಮೊದಲೇ ಕುಂಯ್ ಎಂದು ಕೂಗುತ್ತದೆ. ಕಿವಿಯಲ್ಲೂ ಹೀಗೆ ಹಿಗ್ಗಿಸುವ ಏರ್ಪಾಡಿದ್ದರೆ ಅಲ್ಲಿಂದಲೂ ಒಂದಿಷ್ಟು ಸದ್ದು ಹೊರಗೆ ಸೋರಲೇಬೇಕು ಎಂದು ಗೋಲ್ಡ್ ತರ್ಕಿಸಿದರು. ಆ ಕಾಲದ ಮೈಕುಗಳಿಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ, ಅವರ ಮಾತು ಮೂಲೆಗೆ ಬಿತ್ತು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಗೆ ಟಿಕ್ ಎನ್ನಿಸಿ ಕಾದರು. ಕೆಲವು ಮಿಲಿಸೆಕೆಂಡು ಕಳೆದ ಮೇಲೆ ಒಳಗಿನಿಂದ ಮರುದನಿ ಬಂತು. ಕಿವುಡು ಕಿವಿಗಳಿಂದ ಬರಲಿಲ್ಲ. 1985ರ ಹೊತ್ತಿಗೆ ವಿಲಿಯಂ ಬ್ರೌನೆಲ್, ಒಳಕಿವಿಯ ಹೊರಸಾಲಿನ ಕೂದಲಕೋಶಗಳು ಉದ್ದ–ಗಿಡ್ಡ ಆಗುತ್ತ ಕುಣಿಯುವುದನ್ನು ತೋರಿಸಿದರು. ಗೋಲ್ಡ್ ಹೇಳಿದ ಆಂಪ್ಲಿಫೈಯರ್ ಸಿಕ್ಕಿತ್ತು. ನಕ್ಷತ್ರಗಳತ್ತ ಹೋದ ಒಬ್ಬರ ಊಹೆ ಇಂದು ಹೆರಿಗೆ ವಾರ್ಡಿನಲ್ಲಿ ಕೂಸುಗಳಿಗೆ ನೆರವಾಗುತ್ತಿದೆ ಎನ್ನುವುದು ನನಗೆ ವಿಜ್ಞಾನದ ಅತ್ಯಂತ ಚೆಂದದ ಕತೆಗಳಲ್ಲಿ ಒಂದು.

ಬೇಗ ಗೊತ್ತಾದರೆ ಏನು ಲಾಭ? ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಶ್ರವಣದೋಷವಿರುವ 150 ಮಕ್ಕಳನ್ನು ಹೋಲಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ, ಆಮೇಲೆ ಪತ್ತೆಯಾದವರಿಗಿಂತ ಎದ್ದು ಕಾಣುವಷ್ಟು ಮುಂದಿತ್ತು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ನಿರ್ಣಯ, ಆರರೊಳಗೆ ಚಿಕಿತ್ಸೆ ಎಂಬುದು ಈಗ ಜಗತ್ತೇ ಒಪ್ಪಿದ ಗುರಿ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಸ್ಪತ್ರೆಗಳಿಗೇ ಹೋಗಿ ನವಜಾತ ಶಿಶುಗಳ ಕಿವಿ ನೋಡುತ್ತದೆ. ಒಂದು ಎಚ್ಚರಿಕೆ: ಓಎಇ ಆ ಕೂದಲಕೋಶಗಳ ಸುದ್ದಿ ಹೇಳುತ್ತದೆ, ಅವುಗಳ ಹಿಂದಿನ ನರದ ಸುದ್ದಿ ಹೇಳುವುದಿಲ್ಲ. ಹುಟ್ಟಿದಾಗ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ (ಎನ್‌ಐಸಿಯು), ಕಾಮಾಲೆ ವಿಪರೀತ ಏರಿದ್ದ ಕೂಸುಗಳಿಗೆ ಆ ನರವನ್ನು ನೋಡುವ ‘ಬೆರಾ’ ಪರೀಕ್ಷೆಯೂ ಬೇಕು.

ಕಿವಿ ಸರಿಯಿದ್ದರೂ ಮಾತಿಲ್ಲ ಎಂದಾದರೆ ಮನಶ್ಶಾಸ್ತ್ರಜ್ಞರ ಕೋಣೆ. ಅಲ್ಲಿ ನಡೆಯುವುದು ಹೊರಗಿನವರಿಗೆ ಬರೀ ಆಟದ ಹಾಗೆ ಕಾಣುತ್ತದೆ. ಅವರು ಸೋಪಿನ ಗುಳ್ಳೆ ಊದುತ್ತಾರೆ, ಮಗು ಹಿಗ್ಗುತ್ತದೆ. ತಟ್ಟನೆ ಮುಚ್ಚಳ ಬಿಗಿದು ಸುಮ್ಮನಾಗುತ್ತಾರೆ. ಈಗ ಮಗು ಏನು ಮಾಡುತ್ತದೆ? ಅವರ ಮುಖ ನೋಡಿ, ಡಬ್ಬಿ ನೋಡಿ, ಮತ್ತೆ ಮುಖ ನೋಡುತ್ತದೆಯೇ? ಡಬ್ಬಿಯನ್ನು ಅವರ ಕೈಗೆ ಕೊಡುತ್ತದೆಯೇ? ಅಥವಾ ಮುಖದ ಕಡೆ ತಿರುಗದೆ ಅವರ ಕೈಯನ್ನಷ್ಟೇ ಹಿಡಿದು ಮುಚ್ಚಳದ ಮೇಲಿಡುತ್ತದೆಯೇ? ಅವರು ಹುಡುಕುವುದು ಆಟಿಸಂನ, ಅಂದರೆ ಇತರರೊಡನೆ ಬೆರೆಯುವ, ಸಂವಹಿಸುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿಯ ಸುಳಿವನ್ನು. ಅದು ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಇಂಥ ಹತ್ತಾರು ಗಳಿಗೆಗಳನ್ನೂ ತಾಯಿ ಹೇಳುವ ವಿವರಗಳನ್ನೂ ಕೂಡಿಸಿಯೇ ನಿರ್ಣಯ. ನಮ್ಮ ಮಕ್ಕಳಿಗೆ ನಮ್ಮದೇ ಅಳತೆಗೋಲುಗಳೂ ಇವೆ. ಪ್ರಮೀಳಾ ಫಾಟಕ್ ಬರೋಡಾದಲ್ಲಿ ಭಾರತೀಯ ಶಿಶುಗಳ ಬೆಳವಣಿಗೆಯ ಮಾನಕ ರೂಪಿಸಿದರು. ತಿರುವನಂತಪುರದಲ್ಲಿ ಎಂ.ಕೆ.ಸಿ. ನಾಯರ್ ಅವರ ತಂಡ ಅದರಿಂದ 17 ಅಂಶ ಆರಿಸಿ, ಆರೋಗ್ಯ ಕಾರ್ಯಕರ್ತೆಯರೂ ಬಳಸಬಲ್ಲ ಒಂದು ಪಟ್ಟಿ ಮಾಡಿತು.

ನಿರ್ಣಯಕ್ಕೆ ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಮಾತು, ಸಂವಹನ ಕಲಿಸುವ ಥೆರಪಿಗೆ ಅಲ್ಲಿಯವರೆಗೆ ಕಾಯಬೇಕಿಲ್ಲ, ಕಾಯಲೂಬಾರದು. ಥೆರಪಿಯ ಹೆಚ್ಚಿನ ಪಾಲು ನಡೆಯುವುದು ಮನೆಯಲ್ಲೇ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಜ್ಞರಲ್ಲದ ಕಾರ್ಯಕರ್ತರು ತಂದೆತಾಯಿಗೆ ಅವರದೇ ಆಟದ ವಿಡಿಯೊ ತೋರಿಸಿ, ಮಗುವಿನ ಸೂಚನೆ ಹಿಡಿಯಲು ಕಲಿಸಿದರು. ತಂದೆತಾಯಿ ಮಗುವಿನ ಜಾಡು ಹಿಡಿದು ಆಡುವುದನ್ನು ಕಲಿತರು, ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದೂ ಹೆಚ್ಚಿತು. ಪವಾಡವಲ್ಲ, ಆದರೆ ಪರೀಕ್ಷೆಗೆ ನಿಂತ ಫಲ. ಇದರ ಎದುರಿಗೆ ಲಕ್ಷಾಂತರ ರೂಪಾಯಿಯ ಸ್ಟೆಮ್ ಸೆಲ್ ಚುಚ್ಚುಮದ್ದಿನ ಜಾಹೀರಾತುಗಳನ್ನಿಟ್ಟು ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂಥವಕ್ಕೆ ಮಾಡುವ ಕಸಿಯನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಸಂಶೋಧನೆಯ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕು. ಆಟಿಸಂಗೆ ದುಡ್ಡು ಕಿತ್ತು ಅದನ್ನು ಕೊಡುವುದು ಮೋಸ, ಬೇರೆ ಮಾತಿಲ್ಲ.

ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರಬೇಕು. ಸಂಶಯ ಬಂದ ಮಕ್ಕಳನ್ನು ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ, ಕಳಿಸಬೇಕು. ಮಕ್ಕಳ ವೈದ್ಯರು, ಶ್ರವಣತಜ್ಞರು, ಫಿಸಿಯೊಥೆರಪಿಸ್ಟ್, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಕಡೆ ಸಿಗಬೇಕೆಂಬುದು ಅದರ ನಿಯಮ. ಎಲ್ಲ ಹುದ್ದೆಗಳೂ ಎಲ್ಲೆಡೆ ಭರ್ತಿಯಾಗಿರುವುದಿಲ್ಲ. ಇಲ್ಲದಿದ್ದರೆ ಕೇಳಿ, ಬರೆದು ಕೊಡಿ. ಹೋಗುವಾಗ ತಾಯಿ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಮಗು ಮನೆಯಲ್ಲಿ ಆಡುವ ಎರಡು ಮೂರು ನಿಮಿಷದ ಮೊಬೈಲ್ ವಿಡಿಯೊ ಜೊತೆಗಿರಲಿ. ಹದಿನೆಂಟು ವರ್ಷದವರೆಗೆ ಈ ಸೇವೆಗೆ ಶುಲ್ಕವಿಲ್ಲ.