ಹಿಂದಿನ ಇರುಸಿನ ಬಲಾಬಲ

ಬೆಂಗಳೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಾಭಿಮುಖವಾಗಿ ಹೊರಟು, ಕೃಷ್ಣರಾಜಪುರವನ್ನು ಹಾದು, ದಕ್ಷಿಣ ಪಿನಾಕಿನಿಯ ನೀರು ಬಂದು ನಿಲ್ಲುವ ವಿಶಾಲವಾದ ಕೆರೆಯ ಬಳಿಗೆ ಬಂದು ಸೇರುವ ಪ್ರಯಾಣಿಕನಿಗೆ ಹೊಸಕೋಟೆಯು ಅವಿಮುಕ್ತೇಶ್ವರನ ಸನ್ನಿಧಿಯಿಂದಲೋ, ನಸುಕಿನಲ್ಲಿಯೇ ಜನರು ಸಾಲುಗಟ್ಟಿ ನಿಲ್ಲುವ ದಮ್ ಬಿರಿಯಾನಿಯಿಂದಲೋ, 1998ರಿಂದ ಅಲ್ಲಿ ಲಾರಿಗಳನ್ನು ಕಟ್ಟುತ್ತಿರುವ ವೋಲ್ವೊ ಕಾರ್ಖಾನೆಯಿಂದಲೋ ಪರಿಚಿತವಾಗಿರುವುದು ಸಹಜ. ಆದರೆ ಹೆದ್ದಾರಿಯ ಲಾರಿಗಳನ್ನು ನೆಚ್ಚಿಕೊಂಡು ಬೆಳೆದ ಗ್ಯಾರೇಜು, ಲೇತು, ವೆಲ್ಡಿಂಗ್ ಅಂಗಡಿಗಳಲ್ಲಿ ನಡೆಯುವ ಒಂದು ಕುಶಲಕರ್ಮವು ಪತ್ರಿಕೆಗಳ ಲಕ್ಷ್ಯಕ್ಕೆ ಬಂದುದು ವಿರಳ. ಕಲ್ಲು, ಕೆಸರು, ಏರುದಾರಿಗಳಲ್ಲಿ ಓಡಿಸುವ ಜೀಪಿನ ಹಿಂದಿನ ಆಕ್ಸಲು ದುರ್ಬಲವೆಂದು ಕಂಡಾಗ ಅದನ್ನು ಬಲಪಡಿಸುವ, ಇಲ್ಲವೇ ಕಿತ್ತು ಬೇರೊಂದನ್ನು ಕೂರಿಸುವ ವಿದ್ಯೆಯೇ ಅದು.

ಎತ್ತಿನ ಬಂಡಿಯ ಇರುಸನ್ನು ಕಂಡವರಿಗೆ ಈ ವಿದ್ಯೆಯ ಮೂಲಸೂತ್ರವನ್ನು ತಿಳಿಯುವುದು ಕಷ್ಟವಲ್ಲ. ಬಂಡಿಯಲ್ಲಿ ಇರುಸು ತಿರುಗುವುದಿಲ್ಲ. ಅದು ಭಾರವನ್ನು ಹೊತ್ತು ಸ್ಥಿರವಾಗಿರುತ್ತದೆ, ಚಕ್ರವು ಮಾತ್ರ ಅದರ ತುದಿಯಲ್ಲಿ ಕಡಾಣಿಯ ಕಾವಲಿನಲ್ಲಿ ತಿರುಗುತ್ತದೆ. ಎಳೆಯುವ ಕೆಲಸ ಎತ್ತಿನದಾದ್ದರಿಂದ ಇರುಸಿಗೆ ಹೊರುವುದೊಂದೇ ಧರ್ಮ. ಮೋಟಾರು ವಾಹನದಲ್ಲಾದರೋ ಚಕ್ರವೇ ನೆಲವನ್ನು ಒದ್ದು ಗಾಡಿಯನ್ನು ಮುಂದೆ ನೂಕಬೇಕಾಗಿರುವುದರಿಂದ, ಹೊರುವ ಕೊಳವೆಯ ಒಳಗೆ ತಿರುಗುವ ಶಾಫ್ಟೊಂದು ಅವತರಿಸಬೇಕಾಯಿತು. ಆ ಶಾಫ್ಟು ತಿರುಗುವುದರ ಜೊತೆಗೆ ಭಾರವನ್ನೂ ಹೊರಬೇಕೇ, ಅಥವಾ ಭಾರವನ್ನು ಕೊಳವೆಗೇ ಬಿಟ್ಟು ತಾನು ತಿರುಗಿದರೆ ಸಾಕೇ ಎಂಬ ಪ್ರಶ್ನೆಗೆ ಕೊಟ್ಟ ಉತ್ತರದ ಮೇಲೆಯೇ ಆಕ್ಸಲಿನ ಬಲಾಬಲವು ಬಹುಮಟ್ಟಿಗೆ ನಿರ್ಧರಿತವಾಗುತ್ತದೆ.

ಎರಡನ್ನೂ ಶಾಫ್ಟೊಂದೇ ಮಾಡುವ ಏರ್ಪಾಡಿಗೆ ಸೆಮಿ ಫ್ಲೋಟಿಂಗ್ ಎಂದೂ, ಕೆಲಸವನ್ನು ಹಂಚಿಕೊಂಡ ಏರ್ಪಾಡಿಗೆ ಫುಲ್ ಫ್ಲೋಟಿಂಗ್ ಎಂದೂ ಹೆಸರು. ಲಾರಿಗಳದು ಫುಲ್ ಫ್ಲೋಟಿಂಗ್. ಹೆದ್ದಾರಿಯ ಬದಿಯಲ್ಲಿ ನಿಂತ ಯಾವುದೇ ಲಾರಿಯ ಹಿಂದಿನ ಚಕ್ರವನ್ನು ನೋಡಿದರೆ, ನಡುವೆ ಹೊರಗುಬ್ಬಿದ ಹಬ್ಬನ್ನೂ, ಅದರ ಮುಖದ ಮೇಲೆ ವರ್ತುಲಾಕಾರವಾಗಿ ಬಿಗಿದ ಬೋಲ್ಟುಗಳನ್ನೂ ಕಾಣಬಹುದು. ಆ ಬೋಲ್ಟುಗಳನ್ನು ಬಿಚ್ಚಿದರೆ, ಚಕ್ರವನ್ನು ಜಾಕಿಯ ಮೇಲೆ ಎತ್ತದೆಯೇ ಶಾಫ್ಟನ್ನು ಹೊರಗೆಳೆದುಬಿಡಬಹುದು. ಏಕೆಂದರೆ ಚಕ್ರವು ಕೊಳವೆಯ ತುದಿಯಲ್ಲಿರುವ ಎರಡು ಬೇರಿಂಗುಗಳ ಮೇಲೆ ಕುಳಿತಿದೆಯೇ ಹೊರತು ಶಾಫ್ಟಿನ ಮೇಲಲ್ಲ. ಸೆಮಿ ಫ್ಲೋಟಿಂಗಿನಲ್ಲಿ ಶಾಫ್ಟು ಮುರಿದರೆ ಚಕ್ರವೂ ಗಾಡಿಯನ್ನು ಅಗಲುವ ಸಂಭವವುಂಟು.

ವಿನೋದವೇನೆಂದರೆ, ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಹಿಂದಿನ ಆಕ್ಸಲು ಫುಲ್ ಫ್ಲೋಟಿಂಗೇ ಆಗಿತ್ತು. ಯುದ್ಧ ಮುಗಿದು ಜೀಪು ರೈತನ ಗಾಡಿಯಾಗಿ ಅವತಾರವೆತ್ತಿದ ಮೇಲೆ, ಮೊದಮೊದಲು ಅದೇ ಏರ್ಪಾಡನ್ನು ಉಳಿಸಿಕೊಂಡಿದ್ದರೂ, ಬಹುಬೇಗ ಸೆಮಿ ಫ್ಲೋಟಿಂಗಿಗೆ ಇಳಿಸಲಾಯಿತು. ಮಹೀಂದ್ರ ಕಂಪನಿಯ ಮೂಲಕ ನಮ್ಮ ದೇಶಕ್ಕೆ ಬಂದು, ಕೊಡಗಿನ ಕಾಫಿ ತೋಟದಿಂದ ಕೋಲಾರದ ಬಯಲಿನವರೆಗೆ ದುಡಿದ ಸಿಜೆ-3ಬಿ ಜಾತಿಯ ಜೀಪುಗಳಿಗೆ ದಕ್ಕಿದ್ದು ಈ ಸೆಮಿ ಫ್ಲೋಟಿಂಗ್ ಕುಲದ, ಡೇನಾ 44 ಎಂಬ ಹೆಸರಿನ ಆಕ್ಸಲು. ಇದರ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರದಲ್ಲಿ 43 ಹಲ್ಲು, ಅದನ್ನು ತಿರುಗಿಸುವ ಪಿನಿಯನ್ನಿನಲ್ಲಿ 8. ಎಂದರೆ ಪಿನಿಯನ್ನು 5.38 ಸುತ್ತು ತಿರುಗಿದರೆ ಚಕ್ರಕ್ಕೆ ಒಂದು ಸುತ್ತು. ಹಬ್ಬನ್ನು ಶಾಫ್ಟಿನ ತುದಿಯ ಓರೆಯ ಮೇಲೆ ಒಂದು ಕೀಲಿಯಿಂದಲೂ ಒಂದು ನಟ್ಟಿನಿಂದಲೂ ಹಿಡಿದು ನಿಲ್ಲಿಸಿರುತ್ತಾರೆ. ಆ ನಟ್ಟು ಸಡಿಲಿದರೆ ಮೊದಲು ಕೀಲಿ ಸವೆಯುತ್ತದೆ, ಅನಂತರ ಓರೆಯು ಕೆಡುತ್ತದೆ. ಶಾಫ್ಟಿಗೆ ದೌರ್ಬಲ್ಯದ ಅಪವಾದ ಬರುವುದು ಎಷ್ಟೋ ವೇಳೆ ಈ ನಟ್ಟನ್ನು ಬಿಗಿಯದ ಕೈಯ ದೋಷದಿಂದ.

ಹಾಗಾದರೆ ಆಕ್ಸಲು ಮುರಿಯುವುದೇಕೆ? ಹಳೆಯ ಜೀಪಿನಲ್ಲಿ ಮೊದಲನೆಯ ಗೇರಿನ ಅನುಪಾತ 2.8, ಮುಂದಿನ ಹಿಂದಿನ ಆಕ್ಸಲುಗಳಿಗೆ ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46, ಆಕ್ಸಲು 5.38, ಈ ಮೂರನ್ನೂ ಗುಣಿಸಿದರೆ ಎಂಜಿನ್ನಿನ ತಿರುಚುಬಲವು ಚಕ್ರವನ್ನು ಮುಟ್ಟುವ ವೇಳೆಗೆ ಸುಮಾರು 37 ಮಡಿಯಾಗಿರುತ್ತದೆ. ಸಮತಟ್ಟಾದ ನೆಲದಲ್ಲಿ ಇದನ್ನು ನಾಲ್ಕು ಚಕ್ರಗಳು ಹಂಚಿಕೊಳ್ಳುತ್ತವೆ. ಕಡಿದಾದ ಏರಿನಲ್ಲಿ ಗಾಡಿಯ ಭಾರವೆಲ್ಲವೂ ಹಿಂದಕ್ಕೆ ವಾಲಿ, ಮುಂದಿನ ಚಕ್ರಗಳು ಹಗುರಾಗಿ, ಹಿಡಿತ ತಪ್ಪಿದಾಗ ದುಡಿಮೆಯ ಬಹುಭಾಗವು ಹಿಂದಿನ ಎರಡು ಶಾಫ್ಟುಗಳ ಪಾಲಿಗೆ ಬರುತ್ತದೆ. ಅದರ ಮೇಲೆ ಡಿಫರೆನ್ಷಿಯಲ್ಲನ್ನೂ ಲಾಕು ಮಾಡಿ, ಒಂದು ಚಕ್ರವು ಗಾಳಿಯಲ್ಲಿದ್ದು ಇನ್ನೊಂದು ಬಂಡೆಯನ್ನು ಕಚ್ಚಿ ಹಿಡಿದರೆ, ಎಲ್ಲವೂ ಒಂದೇ ಶಾಫ್ಟಿನ ತಲೆಗೆ ಬೀಳುತ್ತದೆ. ಡಿಫರೆನ್ಷಿಯಲ್ಲೆಂಬ ಗಿಯರುಗಳ ಗೊಂಚಲಿಗೆ 1827ರಲ್ಲಿ ಹಕ್ಕುಪತ್ರ ಪಡೆದ ಪ್ಯಾರಿಸಿನ ಗಡಿಯಾರ ತಯಾರಕ ಪೆಕರನು ಅದನ್ನು ಕಲ್ಪಿಸಿದ್ದು, ತಿರುವಿನಲ್ಲಿ ಒಳಚಕ್ರ ಹೊರಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುಗಮವಾಗಿ ಉರುಳಲಿ ಎಂದು. ಅದನ್ನೇ ವೆಲ್ಡು ಮಾಡಿ ಜಡವಾಗಿಸುವ ಅಗ್ಗದ ಉಪಾಯವನ್ನು ಕೆಲವರು ಅನುಸರಿಸುವುದುಂಟು. ಕೆಸರಿನಲ್ಲಿ ಅದು ಉಪಕಾರಿ. ಡಾಂಬರು ರಸ್ತೆಯಲ್ಲಿ ಟೈರಿಗೂ ಶಾಫ್ಟಿಗೂ, ಮಳೆ ಬಂದರೆ ಚಾಲಕನ ಪ್ರಾಣಕ್ಕೂ ಅಪಾಯಕಾರಿ.

ಇದೆಲ್ಲಕ್ಕಿಂತ ದೊಡ್ಡ ಕಾರಣವು ಮಾಲೀಕನ ಅಭಿರುಚಿಯಲ್ಲಿದೆ. ಗ್ಯಾರೇಜಿಗೆ ಬಂದ ಜೀಪನ್ನು ಕಂಡೊಡನೆ ಮೇಸ್ತ್ರಿಯು ಬಗ್ಗಿ ಆಕ್ಸಲನ್ನು ನೋಡುವುದಕ್ಕೆ ಮೊದಲು ಟೈರನ್ನು ನೋಡುತ್ತಾನೆ.

“ಏನ್ ಸಾರ್, ಮೂವತ್ಮೂರ್ ಇಂಚಿಂದ್ ಹಾಕ್ಸಿದ್ದೀರಾ?”

“ಹೂಂ ಅಣ್ಣ, ಲುಕ್ ಚೆನ್ನಾಗಿರತ್ತೆ ಅಂತ.”

“ಲುಕ್ಕೇನೋ ಚೆನ್ನಾಗೈತೆ ಸಾರ್. ಭಾರ ಎಳೆಯೋದು ಶಾಫ್ಟ್ ತಾನೇ?”

ಸಂವಾದವು ಇಷ್ಟರಲ್ಲೇ ಮುಗಿಯುತ್ತದೆ, ಆದರೆ ಅದರ ಹಿಂದೆ ಗಣಿತವಿದೆ. ಹಳೆಯ ಜೀಪಿನ ಮೂಲ ಟೈರಿನ ವ್ಯಾಸವು ಸುಮಾರು 28 ಇಂಚು. ಅದನ್ನು 33ಕ್ಕೆ ಏರಿಸಿದರೆ ನೆಲವು ಶಾಫ್ಟನ್ನು ತಿರುಚುವ ಸನ್ನೆಯ ಉದ್ದವು ಶೇ 18ರಷ್ಟು ಹೆಚ್ಚುತ್ತದೆ, ತೂಕದ ಮಾತು ಬೇರೆ. ಇನ್ನೊಂದು ಪಕ್ಕದಲ್ಲಿ, ತಿರುಚುವಿಕೆಯನ್ನು ತಡೆಯುವ ಶಕ್ತಿಯು ಶಾಫ್ಟಿನ ವ್ಯಾಸದ ಘನಕ್ಕೆ ಅನುಗುಣವಾಗಿರುವುದರಿಂದ, ವ್ಯಾಸವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸಿದರೆ ಶಕ್ತಿಯು ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಆದುದರಿಂದ ಸಮಸ್ತ ಆಕ್ಸಲನ್ನು ಕಿತ್ತೆಸೆಯುವುದಕ್ಕೆ ಮುನ್ನ, ಉತ್ತಮ ಉಕ್ಕಿನ ದಪ್ಪ ಶಾಫ್ಟುಗಳಿಂದಲೇ ಕಾರ್ಯಸಿದ್ಧಿಯಾಗುವುದೇ ಎಂದು ವಿಚಾರಿಸುವುದು ವಿವೇಕ. ಆದರೆ ಶಾಫ್ಟು ಬಲವಾದಾಗ ಮುರಿಯುವ ಸರದಿಯು ಕ್ರೌನ್ ಪಿನಿಯನ್ನಿಗೆ ಬರುತ್ತದೆಂಬುದನ್ನೂ ಮರೆಯಬಾರದು. ಶಾಫ್ಟನ್ನು ರಸ್ತೆಬದಿಯಲ್ಲಿ ಬದಲಿಸಬಹುದು. ಕ್ರೌನ್ ಪಿನಿಯನ್ನನ್ನು ಬದಲಿಸಲಾಗದು.

ಸಂಪೂರ್ಣ ಬದಲಾವಣೆಯೇ ಅನಿವಾರ್ಯವೆಂದಾದರೆ ಶೋಧನೆಯು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೂ ಶಿವಾಜಿನಗರದ ಗುಜರಿಗೂ ಹೊರಡುತ್ತದೆ. ಜಬಲ್ಪುರದಲ್ಲಿ ಸೈನ್ಯಕ್ಕಾಗಿ ನಿಸಾನ್ ಮಾದರಿಯಲ್ಲಿ ತಯಾರಾಗುತ್ತಿದ್ದ ಜೊಂಗಾ ವಾಹನದ ಆಕ್ಸಲು ಕೆಲವರಿಗೆ ಪರಮಪ್ರಿಯ. ಎಲ್ಲಿಂದ ತಂದರೂ ಪರೀಕ್ಷಿಸಬೇಕಾದ ವಿಷಯಗಳು ಹಲವು. ಹಳೆಯ ಜೀಪಿನ ಡಿಫರೆನ್ಷಿಯಲ್ ಗುಂಡು ನಟ್ಟನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ, ಏಕೆಂದರೆ ಟ್ರಾನ್ಸ್‌ಫರ್ ಕೇಸಿನ ಹಿಂಬಾಯಿಯೂ ಬಲಕ್ಕೇ ಇದೆ. ನಡುಗುಂಡಿನ ಆಕ್ಸಲನ್ನು ತಂದು ಕೂರಿಸಿದರೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ, ಅದರ ತುದಿಯ ಕ್ರಾಸ್ ಕೀಲುಗಳು ಅಲ್ಪಾಯುಷಿಗಳಾಗುತ್ತವೆ. ಹೊಸ ಆಕ್ಸಲಿನ ಅನುಪಾತವು ಮುಂದಿನದರೊಡನೆ ತಾಳೆಯಾಗದಿದ್ದರೆ, ಫೋರ್‌ವೀಲಿಗೆ ಹಾಕಿದ ಕ್ಷಣದಿಂದ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡತೊಡಗುತ್ತವೆ. ಬ್ರೇಕಿನ ಅಳತೆ, ಚಕ್ರಗಳ ಅಂತರ, ಕಮಾನು ಪಟ್ಟೆ ಕೂರುವ ಪೀಠದ ಸ್ಥಾನ, ಎಲ್ಲವೂ ಹೊಸತಾಗಿ ನಿರ್ಣಯವಾಗಬೇಕು.

ಪೀಠವನ್ನು ವೆಲ್ಡು ಮಾಡುವುದರಲ್ಲಿ ಒಳ್ಳೆಯ ಅಂಗಡಿಗೂ ಸಾಧಾರಣ ಅಂಗಡಿಗೂ ಇರುವ ಭೇದವು ಎದ್ದು ಕಾಣುತ್ತದೆ. ಒಂದೇ ಉಸುರಿಗೆ ಸುತ್ತಲೂ ಬೆಸೆದುಬಿಟ್ಟರೆ ಕಾವಿನಿಂದ ಕೊಳವೆಯು ಬಾಗುತ್ತದೆ. ಬಾಗಿದ ಕೊಳವೆಯೊಳಗೆ ಎಂಥ ಶಾಫ್ಟನ್ನು ಹಾಕಿದರೂ ಅದು ಪ್ರತಿ ಸುತ್ತಿನಲ್ಲಿಯೂ ಬಳುಕಿ ಸಾಯುತ್ತದೆ. ಅರಿತವನು ಮೊದಲು ಬಿಂದುಬಿಂದುವಾಗಿ ಹಿಡಿಸಿ, ಪಿನಿಯನ್ನಿನ ಮುಖವು ಎಷ್ಟು ಡಿಗ್ರಿ ಮೇಲ್ಮುಖವಾಗಿರಬೇಕೆಂಬುದನ್ನು ಗಾಡಿಯನ್ನು ಅದರ ಸ್ವಂತ ಭಾರದ ಮೇಲೆ ನಿಲ್ಲಿಸಿ ಅಳೆದು, ಅನಂತರ ಎಡಕ್ಕೊಂದು ಬಲಕ್ಕೊಂದು ಎಂಬಂತೆ ಸಣ್ಣ ಸಣ್ಣ ಬೆಸುಗೆಗಳನ್ನು ಹಾಕಿ ತಾನಾಗಿ ತಣಿಯಲು ಬಿಡುತ್ತಾನೆ. ನೀರು ಎರಚಿ ತಣಿಸುವವನ ಅಂಗಡಿಯಿಂದ ಗಾಡಿಯನ್ನು ಹೊರಗೆ ತರುವುದು ಲೇಸು.

ಈ ವಿದ್ಯೆಯ ಶಿಖರವು ಕ್ರೌನ್ ಪಿನಿಯನ್ನುಗಳನ್ನು ಹೊಂದಿಸುವ ಕಲೆ. ಇಂಥ ಓರೆಹಲ್ಲಿನ ಗಿಯರುಗಳನ್ನು ಕೊಯ್ಯುವ ಯಂತ್ರವನ್ನು 1874ರಲ್ಲಿ ಅಮೆರಿಕದ ರಾಚೆಸ್ಟರಿನ ವಿಲಿಯಂ ಗ್ಲೀಸನ್ ನಿರ್ಮಿಸಿದಂದಿನಿಂದ ಯಂತ್ರಗಳು ಬಹಳ ಮುಂದುವರಿದಿವೆ. ಆದರೆ ಕಾರ್ಖಾನೆಯಲ್ಲಿ ಜೋಡಿಯಾಗಿ ಉಜ್ಜಿ ಒಪ್ಪವಿಟ್ಟ ಕ್ರೌನನ್ನೂ ಪಿನಿಯನ್ನನ್ನೂ ಅಗಲಿಸಬಾರದೆಂಬ ನಿಯಮ ಬದಲಾಗಿಲ್ಲ. ಮೇಸ್ತ್ರಿಯು ಕೂದಲೆಳೆಯಷ್ಟು ತೆಳುವಾದ ಶಿಮ್‌ಗಳನ್ನು ಪಿನಿಯನ್ನಿನ ಹಿಂದೆಯೂ ಬೇರಿಂಗುಗಳ ಪಕ್ಕದಲ್ಲಿಯೂ ಇಟ್ಟು, ತೆಗೆದು, ಮತ್ತೆ ಇಟ್ಟು, ಹಲ್ಲುಗಳ ನಡುವಣ ಸಡಿಲವನ್ನು ಡಯಲ್ ಗೇಜಿನಲ್ಲಿ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆಯಾಗದಂತೆ, ನಾಲ್ಕರಲ್ಲೊಂದನ್ನು ಮೀರದಂತೆ ನಿಲ್ಲಿಸುತ್ತಾನೆ. ಬಳಿಕ ಹಲ್ಲುಗಳಿಗೆ ಬಣ್ಣ ಸವರಿ ಕೈಯಿಂದ ತಿರುಗಿಸುತ್ತಾನೆ. ಬಣ್ಣವು ಹಲ್ಲಿನ ಮಧ್ಯಭಾಗದಲ್ಲಿ ಅಳಿಸಿದ್ದರೆ ಸಂತೋಷ, ತುದಿಗೋ ಬುಡಕ್ಕೋ ಸರಿದಿದ್ದರೆ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಆರಂಭ. ಅರ್ಧ ದಿನ ಇದರಲ್ಲಿ ಕಳೆದರೂ ಹೊರಗಿನವನ ಕಣ್ಣಿಗೆ ಕೆಲಸ ನಡೆದಂತೆಯೇ ಕಾಣುವುದಿಲ್ಲ. ಮಾಲೀಕರು ಚೌಕಾಶಿ ಮಾಡುವುದು ಸಾಮಾನ್ಯವಾಗಿ ಈ ಅರ್ಧ ದಿನದ ಕೂಲಿಯ ಮೇಲೆಯೇ.

ಗಾಡಿಯಿಂದ ಗಾಡಿಗೆ ಈ ಕೆಲಸದ ಬಗೆಯೂ ಬದಲಾಗುತ್ತದೆ. ಜಿಪ್ಸಿ ಗಾಡಿಯ ಆಕ್ಸಲಿನಲ್ಲಿ ಡಿಫರೆನ್ಷಿಯಲ್ಲನ್ನು ಇಡಿಯಾಗಿ ಮುಂಬದಿಯಿಂದ ಹೊರತೆಗೆದು ಮೇಜಿನ ಮೇಲಿಟ್ಟು ಹೊಂದಿಸಬಹುದಾದ್ದರಿಂದ ಅದು ಮೇಸ್ತ್ರಿಗಳಿಗೆ ಇಷ್ಟ. 2020ರ ಥಾರ್ ಗಾಡಿಯು ಕಮಾನು ಪಟ್ಟೆಯನ್ನು ಬಿಟ್ಟು ಕಾಯಿಲ್ ಸ್ಪ್ರಿಂಗನ್ನು ಹಿಡಿದಿರುವುದರಿಂದ ಅಲ್ಲಿ ಹಳೆಯ ಯುಕ್ತಿಗಳು ನಡೆಯುವುದಿಲ್ಲ.

ಗಣಿಗಳಲ್ಲಿ ದುಡಿಯುವ ಭಾರಿ ಟಿಪ್ಪರುಗಳು ಶಾಫ್ಟು ಮುರಿಯುವ ಸಮಸ್ಯೆಯನ್ನು ಬೇರೊಂದು ಬಗೆಯಲ್ಲಿ ಪರಿಹರಿಸಿಕೊಂಡಿವೆ. ಅವುಗಳಲ್ಲಿ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗಿಯರಿನ ಒಂದು ಭಾಗವು ಹಬ್ಬಿನೊಳಗೇ ಇರುವುದರಿಂದ ಶಾಫ್ಟಿನ ಮೇಲೆ ಬೀಳುವ ತಿರುಚು ಕಡಿಮೆಯಾಗುತ್ತದೆ, ನಡುವಿನ ಗುಂಡೂ ಚಿಕ್ಕದಾಗುತ್ತದೆ. ಲಾರಿಗಳ ಹಿಂದಿನ ಆಕ್ಸಲನ್ನು ತಯಾರಿಸುವ ಕಾರ್ಖಾನೆಯನ್ನು ಹುಡುಕಿಕೊಂಡು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಕಲ್ಯಾಣಿ ಸಮೂಹವು ಅಮೆರಿಕದ ರಾಕ್‌ವೆಲ್ಲಿನೊಡನೆ ಸೇರಿ 1981ರಲ್ಲಿ ಸ್ಥಾಪಿಸಿದ ಆಟೊಮೋಟಿವ್ ಆಕ್ಸಲ್ಸ್ ಸಂಸ್ಥೆಯು ಮೈಸೂರಿನ ಹೂಟಗಳ್ಳಿಯಲ್ಲಿಯೇ ಇದೆ.

ಕಾನೂನಿನ ಮಾತನ್ನು ಹೇಳದೆ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕನು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಹಾಳಾದ ಭಾಗಕ್ಕೆ ಅದೇ ಜಾತಿಯ ಹೊಸ ಭಾಗವನ್ನು ಹಾಕುವುದು ದುರಸ್ತಿ. ಗಾಡಿಯ ಅಗಲ, ಎತ್ತರಗಳನ್ನೇ ಬದಲಿಸುವ ಆಕ್ಸಲನ್ನು ಕೂರಿಸಿ ಹೆದ್ದಾರಿಗೆ ಇಳಿಯುವುದು ಬೇರೆ ವಿಷಯ, ವಿಮೆಯವರೂ ಆಗ ಕೈಕೊಡುವರು. ಹಾಗೆ ಬಲಪಡಿಸಿದ ಗಾಡಿಯ ಪರೀಕ್ಷೆಗೆಂದು ಕೆರೆಯ ಅಂಗಳಕ್ಕೆ ಇಳಿಸುವ ಹುಮ್ಮಸ್ಸನ್ನೂ ಯುವಕರು ತಡೆದುಕೊಂಡರೆ ಊರಿಗೆ ಉಪಕಾರ.

ಇಷ್ಟನ್ನೂ ಓದಿ ತಮ್ಮ ಜೀಪಿನ ಆಕ್ಸಲು ದುರ್ಬಲವೆಂಬ ಶಂಕೆಗೆ ಒಳಗಾದ ವಾಚಕರು ಹಣವನ್ನು ಹೊಂದಿಸುವುದಕ್ಕೆ ಮೊದಲು ಡಿಫರೆನ್ಷಿಯಲ್ಲಿನ ಹಿಂಬದಿಯ ಮುಚ್ಚಳವನ್ನು ಬಿಚ್ಚಿಸಿ ಒಳಗಿನ ಎಣ್ಣೆಯನ್ನು ನೋಡಲಿ. ತಳದಲ್ಲಿ ಬೂದುಬಣ್ಣದ ನಯವಾದ ಕೆಸರಿದ್ದರೆ ಅದು ವಯೋಧರ್ಮ. ಹಾಲಿನಂತೆ ಬಿಳುಪೇರಿದ್ದರೆ ನೀರು ಹೊಕ್ಕಿದೆ, ಸೀಲು ಬದಲಿಸಿ ಹೊಸ 90 ನಂಬರಿನ ಎಣ್ಣೆ ಹಾಕಿಸಿದರೆ ಸಾಕು. ಉಕ್ಕಿನ ಚೂರುಗಳು ಕೈಗೆ ಸಿಕ್ಕಿದರೆ ಮಾತ್ರ ಮೇಸ್ತ್ರಿಯೊಡನೆ ಆಕ್ಸಲಿನ ಮಾತು ತೆಗೆಯಬೇಕು. ಟೈರಿನ ಅಳತೆಯನ್ನು ಮೂಲಸ್ಥಿತಿಗೆ ಇಳಿಸುವ ಮಾತನ್ನು ಅದಕ್ಕೂ ಮೊದಲು ತೆಗೆಯಬಹುದು.