ಬಿಲ್ಲಿನ ಸೆಳೆತವೂ ಬಿಲ್ಲಾಳಿನ ಅಳತೆಯೂ

ನಮ್ಮ ಪುರಾಣಕಾವ್ಯಗಳಲ್ಲಿ ಬಿಲ್ಲಿನ ಮಾತು ಬಂದಿತೆಂದರೆ ಅದರ ಬಿಗಿಯೇ ಬಣ್ಣನೆಗೆ ವಸ್ತು. ಜನಕನ ಆಸ್ಥಾನದಲ್ಲಿ ಶಿವಧನುಸ್ಸನ್ನು ಎತ್ತಲಾರದೆ ತಲೆತಗ್ಗಿಸಿದ ಅರಸರ ಕಥೆಯನ್ನು ಕೇಳಿ ಬೆಳೆದ ನಮಗೆ, ಬಿಲ್ಲು ಬಲವಾದಷ್ಟೂ ಬಿಲ್ಲಾಳು ದೊಡ್ಡವನೆಂಬ ಭಾವನೆ ಬೇರೂರಿರುವುದು ಸಹಜವೇ ಸರಿ. ಮೊಲ, ಅಳಿಲು ಮೊದಲಾದ ಸಣ್ಣ ಬೇಟೆಯ ವಿಷಯದಲ್ಲಿ ಮಾತ್ರ ಈ ಭಾವನೆಯು ದಾರಿತಪ್ಪಿಸುವಂತಹುದು. 1972ರ ವನ್ಯಜೀವಿ ಸಂರಕ್ಷಣಾ ಶಾಸನವಾದ ಮೇಲೆ ನಮ್ಮಲ್ಲಿ ಇಂತಹ ಬೇಟೆಗೆ ಎಡೆಯಿಲ್ಲವಾದುದರಿಂದ, ದೃಷ್ಟಾಂತವನ್ನು ನಾವು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಿಂದ ತೆಗೆದುಕೊಳ್ಳುವೆವು.

1911ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಲ್ಲಿನ ಓರೋವಿಲ್ ಎಂಬ ಊರಿನ ಬಳಿ ಯಾಹಿ ಕುಲದವನೊಬ್ಬನು ಒಂಟಿಯಾಗಿ ಕಾಣಿಸಿಕೊಂಡನು. ಅವನ ಬಳಗವೆಲ್ಲ ಬಿಳಿಯ ವಲಸೆಗಾರರ ಹಿಂಸೆಗೂ ಹಸಿವಿಗೂ ತುತ್ತಾಗಿ ಅಳಿದುಹೋಗಿತ್ತು. ತನ್ನ ಹೆಸರನ್ನು ಆತನು ಹೇಳಲಿಲ್ಲ; ಮನುಷ್ಯನೆಂಬ ಅರ್ಥದ ‘ಇಷಿ’ ಎಂಬ ಪದವೇ ಅವನಿಗೆ ಹೆಸರಾಯಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದ ವಸ್ತುಸಂಗ್ರಹಾಲಯದಲ್ಲಿ ನೆಲೆಸಿದ ಅವನಿಗೆ ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯನು ಮೊದಲು ಸ್ನೇಹಿತನಾಗಿ, ಅನಂತರ ಬಿಲ್ವಿದ್ಯೆಯಲ್ಲಿ ಶಿಷ್ಯನೇ ಆದನು. 1916ರಲ್ಲಿ ಇಷಿ ಕ್ಷಯರೋಗದಿಂದ ತೀರಿಕೊಂಡನು. ಪೋಪ್ ಬರೆದಿಡದಿದ್ದರೆ ಆ ವಿದ್ಯೆಯ ವಿವರಗಳು ಅವನೊಡನೆಯೇ ಮುಗಿಯುತ್ತಿದ್ದುವು.

ಇಷಿಯ ಬಿಲ್ಲು ಜುನಿಪರ್ ಮರದ್ದು, ಬೆನ್ನಿಗೆ ನರವನ್ನು ಅಂಟಿಸಿದ್ದು. ಉದ್ದ ಕೇವಲ 42 ಅಂಗುಲ. ಅಳತೆಪಟ್ಟಿಯನ್ನು ಅವನು ಬಳಸಲಿಲ್ಲ. ಅಡ್ಡಲಾಗಿ ಚಾಚಿದ ಕೈಯಿಂದ ಎದುರು ಪಕ್ಕದ ಸೊಂಟದವರೆಗಿನ ದೂರವೇ ಅವನ ಬಿಲ್ಲಿನ ಅಳತೆ. ಬಲವಾದರೋ ಮಧ್ಯಮ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ‘ಮೇರಿ ರೋಸ್’ ಎಂಬ ಆಂಗ್ಲ ಹಡಗಿನಲ್ಲಿ ದೊರೆತ ಯುದ್ಧದ ಬಿಲ್ಲುಗಳು ಬಹುಮಟ್ಟಿಗೆ 100 ಪೌಂಡಿಗೆ ಮೀರಿದ ಸೆಳೆತದವೆಂದು ಬಲ್ಲವರ ಅಂದಾಜು. ಅವುಗಳ ಕೆಲಸ ಯುದ್ಧರಂಗದ್ದು. ಇಷಿಯದು ಊಟದ ಕೆಲಸ. ಬೆರಳಿಗೆ ತುಟಿಯೊತ್ತಿ ಮೊಲದ ಕೂಗನ್ನು ಅನುಕರಿಸಿ, ಪ್ರಾಣಿಯನ್ನೇ ತನ್ನ ಸಮೀಪಕ್ಕೆ ಬರಮಾಡಿಕೊಳ್ಳುವವನಿಗೆ ಭಾರಿ ಬಿಲ್ಲೇಕೆ?

ದೇಹವನ್ನೇ ಅಳತೆಗೋಲಾಗಿ ಮಾಡಿಕೊಂಡ ಅವನ ಕ್ರಮವು ಇಂದಿನ ಬಿಲ್ಲಾಳುಗಳಿಗೂ ಒಗ್ಗುವಂತಹುದು. ಎರಡು ತೋಳುಗಳನ್ನೂ ಅಗಲಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಬಂದುದನ್ನು ಎರಡೂವರೆಯಿಂದ ಭಾಗಿಸಿದರೆ ಸೆಳೆತದ ಉದ್ದವು ಹೆಚ್ಚುಕಡಿಮೆ ದೊರೆಯುತ್ತದೆ: 70 ಅಂಗುಲದ ತೋಳುಗಳಿಗೆ 28, 65ಕ್ಕೆ 26. ಕಾವ್ಯದ ವೀರರು ಆಕರ್ಣಾಂತವಾಗಿ ಸೆಳೆಯಲಿ; ಗದ್ದ ಅಥವಾ ಬಾಯಿಯ ಅಂಚು ನಮಗೆ ಸಾಕು. ಕೈ ಪ್ರತಿಸಲವೂ ಅದೇ ಎಡೆಯಲ್ಲಿ ನಿಲ್ಲಬೇಕಾದುದು ಮುಖ್ಯ. ಒಂದಂಗುಲ ಮುಂಚೆ ಹೆದೆ ಬಿಟ್ಟರೂ ಅಂಬಿನ ವೇಗ ಕುಗ್ಗಿ, ಅದು ಗುರಿಯ ಕೆಳಗೆ ಬೀಳುವುದು.

ಬಿಲ್ಲಿನ ಮೇಲೆ ಬರೆದಿರುವ ಪೌಂಡುಗಳ ಲೆಕ್ಕವು ಸಾಮಾನ್ಯವಾಗಿ 28 ಅಂಗುಲದ ಸೆಳೆತಕ್ಕೆ ಸಂಬಂಧಿಸಿದ್ದು. ಅದಕ್ಕಿಂತ ಕಡಮೆ ಸೆಳೆಯುವವನಿಗೆ ಅಂಗುಲಕ್ಕೆ ಎರಡು ಮೂರು ಪೌಂಡು ಇಳಿಯುತ್ತದೆ. ಆದುದರಿಂದ 40 ಪೌಂಡಿನ ಬಿಲ್ಲು 26 ಅಂಗುಲ ಸೆಳೆಯುವವನ ಕೈಯಲ್ಲಿ ಸುಮಾರು 35 ಪೌಂಡಿನದೇ. ಸಣ್ಣ ಬೇಟೆಗೆ ಅಷ್ಟು ಧಾರಾಳವಾಯಿತು. ಹದಿನೈದಿಪ್ಪತ್ತು ಗಜದ ದೂರದಲ್ಲಿ 30 ಪೌಂಡಿನ ಬಿಲ್ಲೂ ಕೆಲಸ ಮಾಡುತ್ತದೆ. ಮೊಲವನ್ನು ಹೊಡೆಯುವ ಅಂಬು ಅನೇಕವೇಳೆ ಮೊಂಡುಮೊನೆಯದು. ಅದು ಕೊಲ್ಲುವುದು ಇರಿತದಿಂದಲ್ಲ, ತಲೆಯ ಮೇಲೋ ಎದೆಗೂಡಿನ ಮೇಲೋ ಬಿದ್ದ ಪೆಟ್ಟಿನ ಅದಟಿನಿಂದ. ಹತ್ತು ಪೌಂಡು ಬಲ ಹೆಚ್ಚಿಸಿದರೆ, ಎರಡಂಗುಲ ಗುರಿತಪ್ಪಿದ ಅಂಬು ಸರಿಯಾದೀತೇ?

ಶಕ್ತಿಮೀರಿದ ಬಿಲ್ಲಿನ ಕೇಡು ಇಲ್ಲಿಯೇ ಇದೆ. ಭುಜ ನಡುಗುತ್ತದೆ, ಹೆದೆ ಗದ್ದಕ್ಕೆ ಮುಟ್ಟುವ ಮುನ್ನವೇ ಬೆರಳು ಸಡಿಲುತ್ತದೆ, ಸೊಂಟ ಮುರಿದ ಮೊಲವು ಬಿಲದೊಳಗೆ ತೆವಳಿಕೊಂಡು ಹೋಗಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬೇಟೆಯನ್ನು ಒಪ್ಪುವವರೂ ಇದನ್ನು ಒಪ್ಪರು.

ಬಿಲ್ಲನ್ನು ಕೊಳ್ಳುವವರು ಅಂಗಡಿಯಲ್ಲಿ ನೆಟ್ಟಗೆ ನಿಂತು ಒಮ್ಮೆ ಸೆಳೆದು ನೋಡಿದರೆ ಸಾಲದು. ಇಷಿಯು ಕುಕ್ಕುರುಗಾಲಿನಲ್ಲಿ ಕುಳಿತೇ ಬಿಲ್ಲೆಸೆಯುತ್ತಿದ್ದನಷ್ಟೆ. ಅದರಂತೆ ಕುಳಿತು, ಆಕಾಶಕ್ಕೆ ತೋಳೆತ್ತದೆ ಹೆದೆಯನ್ನು ನೇರವಾಗಿ ಹಿಂದಕ್ಕೆ ಸೆಳೆದು, ಐದಾರು ಎಣಿಸುವವರೆಗೆ ಅಲುಗದೆ ಹಿಡಿದಿರಬೇಕು. ಹೆದೆಯನ್ನು ಬರಿದೇ ಬಿಡದೆ ಮೆಲ್ಲನೆ ಹಿಂದಿರುಗಿಸಬೇಕು. ಹೀಗೆ ಹತ್ತು ಸಲ ಮಾಡಿಯೂ ಕೈ ನಡುಗದಿದ್ದರೆ ಆ ಬಿಲ್ಲನ್ನು ಕೊಳ್ಳಬಹುದು. ನಡುಗಿದರೆ ಐದು ಪೌಂಡು ಕಡಮೆಯದನ್ನು ಕೇಳತಕ್ಕದ್ದು.